ಹೊಸ ಸ್ಕ್ರೀನ್ ಬೇಡ, ಇರುವುದನ್ನೇ ತೋರಿಸಿ

(ಶಾಲಾ ಕಾಲೇಜುಗಳ ಲಿನಕ್ಸ್ ಲ್ಯಾಬ್ ನೋಡಿಕೊಳ್ಳುವ ಗೆಳೆಯರ ಮುಂದೆ ಆಡಿದ ಮಾತಿನ ಬರಹ ರೂಪ. ಅಲ್ಲಿ ಕಮಾಂಡ್‌ಗಳನ್ನು ಓದಿ ಹೇಳಿದ ಹಾಗೆಯೇ ಇಲ್ಲೂ ಬರೆದಿದ್ದೇನೆ. ವಿಎನ್‌ಸಿ ಅಂದರೆ ಒಂದು ಕಂಪ್ಯೂಟರಿನ ಸ್ಕ್ರೀನನ್ನು ನೆಟ್‌ವರ್ಕ್ ಮೂಲಕ ದೂರದಿಂದ ನೋಡಿ ನಡೆಸುವ ವ್ಯವಸ್ಥೆ; ಸ್ಕ್ರೀನ್ ಕೊಡುವ ಪ್ರೋಗ್ರಾಂ ಸರ್ವರ್, ನೋಡುವ ಪ್ರೋಗ್ರಾಂ ವ್ಯೂವರ್.)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವ ಜಾಸ್ತಿ ಜನಕ್ಕೆ ಈ ಫೋನ್ ಕರೆ ಬಂದೇ ಇರುತ್ತದೆ. "ಸರ್, ನೀವು ಹೇಳಿದ ಹಾಗೇ ವಿಎನ್‌ಸಿ ಸರ್ವರ್ ಹಾಕ್ದೆ. ಕನೆಕ್ಟ್ ಆಯ್ತು ಅಂತೀರಿ. ಇಲ್ಲಿ ನೋಡಿದ್ರೆ ಎರರ್ ಬಾಕ್ಸ್ ಹಾಗೇ ನಿಂತಿದೆಯಲ್ಲ?" ಈ ಕಡೆ ನಮಗೆ ಕಾಣುವುದು ಖಾಲಿ ಡೆಸ್ಕ್‌ಟಾಪ್. ಎರರ್ ಬಾಕ್ಸೂ ಇಲ್ಲ, ಏನೂ ಇಲ್ಲ. ನಾವು ಮೌಸ್ ಆಡಿಸಿದರೆ ಅಲ್ಲಿ ಬಾಣ ಅಲ್ಲಾಡುವುದಿಲ್ಲ. ಇಬ್ಬರೂ ನಿಜವನ್ನೇ ಹೇಳುತ್ತಿದ್ದಾರೆ. ಕಂಪ್ಯೂಟರ್ ಒಂದೇ, ಸ್ಕ್ರೀನ್ ಎರಡು.

ರಿಮೋಟ್ ಡೆಸ್ಕ್‌ಟಾಪ್ ಸರ್ವರ್ ಅಂತ ನಾವು ಒಟ್ಟಾಗಿ ಕರೆಯುವುದರಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ. ಒಂದು, ಯಾವ ಮಾನಿಟರ್‌ನಲ್ಲೂ ಕಾಣದ ಹೊಸ ಸ್ಕ್ರೀನ್ ಹುಟ್ಟಿಸಿ ಅದನ್ನು ದೂರದವರಿಗೆ ಕೊಡುವುದು. ಇನ್ನೊಂದು, ಮಾನಿಟರ್ ಮೇಲೆ ಆಗಲೇ ಓಡುತ್ತಿರುವ ಸ್ಕ್ರೀನನ್ನೇ ತೋರಿಸುವುದು. ಮೊದಲನೆಯದರಲ್ಲಿ ಸರ್ವರ್ ಮನೆ ಯಜಮಾನ. ಎರಡನೆಯದರಲ್ಲಿ ಅದು ಬರೀ ನೆಂಟ. ಬೀಗದ ಕೈ ಕೇಳಿ ಪಡೆಯಬೇಕು, ಮನೆಯವರು ಇಟ್ಟ ಹಾಗೆ ಇರಬೇಕು, ಮನೆ ಖಾಲಿಯಾದರೆ ತಾನೂ ಹೊರಡಬೇಕು. ಇರುವ ಸ್ಕ್ರೀನ್ ಹಂಚಲು ಹೋದಾಗ ಬರುವ ಹೆಚ್ಚಿನ ತಲೆನೋವುಗಳು ಇಲ್ಲಿಂದಲೇ ಹುಟ್ಟುತ್ತವೆ. ಇವತ್ತು ಆ ಎರಡನೇ ಕೆಲಸದ ಬಗ್ಗೆ ಮಾತ್ರ ಮಾತಾಡುತ್ತೇನೆ.

ಗೊಂದಲ ಶುರುವಾದದ್ದು ವಿಎನ್‌ಸಿ ಹುಟ್ಟಿದಾಗಲೇ. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಒಲಿವೆಟ್ಟಿ ಕಂಪನಿಯ ಒಂದು ಸಂಶೋಧನಾ ಲ್ಯಾಬ್ ಇತ್ತು. ಅಲ್ಲಿಯವರು ಇದನ್ನು ಮಾಡಿ 1998ರಲ್ಲಿ ಸೋರ್ಸ್ ಕೋಡ್ ಸಮೇತ ಹೊರಗೆ ಬಿಟ್ಟರು. ಮರುವರ್ಷ ಆ ಲ್ಯಾಬ್ ಎಟಿ ಅಂಡ್ ಟಿ ಕೈಗೆ ಹೋಯಿತು, 2002ರಲ್ಲಿ ಮುಚ್ಚಿಯೂ ಹೋಯಿತು. ಅಲ್ಲಿದ್ದ ಕೆಲವರೇ ರಿಯಲ್‌ವಿಎನ್‌ಸಿ ಕಂಪನಿ ಕಟ್ಟಿದರು. ವಿಎನ್‌ಸಿ ತಂಡದಲ್ಲಿದ್ದ ಕ್ವೆಂಟಿನ್ ಸ್ಟಾಫರ್ಡ್-ಫ್ರೇಸರ್ ಅದಕ್ಕೂ ಮೊದಲು, 1991ರಲ್ಲಿ, ಕೇಂಬ್ರಿಜ್ ಕಂಪ್ಯೂಟರ್ ಲ್ಯಾಬ್‌ನ ಕಾಫಿ ಪಾತ್ರೆಗೆ ಕ್ಯಾಮೆರಾ ಇಟ್ಟವರಲ್ಲಿ ಒಬ್ಬರು. ಕಾಫಿ ಇದೆಯೋ ಇಲ್ಲವೋ ಅಂತ ಕೂತಲ್ಲಿಂದಲೇ ನೋಡೋಕೆ. ದೂರದಲ್ಲಿರುವುದನ್ನು ಎದ್ದು ಹೋಗದೆ ನೋಡುವ ಚಟ ಆಗಲೇ ಇತ್ತು ಅಂತಾಯಿತು.

ಸರಿ, ವಿಷಯಕ್ಕೆ ಬರೋಣ. ಆಗಿನ ವಿಂಡೋಸ್ ವಿಎನ್‌ಸಿ ಇರುವ ಡೆಸ್ಕ್‌ಟಾಪನ್ನೇ ತೋರಿಸುತ್ತಿತ್ತು. ವಿಂಡೋಸ್‌ನಲ್ಲಿ ಇದ್ದದ್ದೇ ಒಂದು ಡೆಸ್ಕ್‌ಟಾಪ್, ಬೇರೆ ದಾರಿಯೂ ಇರಲಿಲ್ಲ. ಲಿನಕ್ಸ್‌ನ ಹಿರಿಯಣ್ಣನಂಥ ಯೂನಿಕ್ಸ್‌ನ ವಿಎನ್‌ಸಿ ಹಾಗಲ್ಲ. ಅಲ್ಲಿ ಸ್ಕ್ರೀನಿನ ಮೇಲೆ ಚಿತ್ರ ಬಿಡಿಸಿ ಕೀಬೋರ್ಡ್, ಮೌಸ್ ನೋಡಿಕೊಳ್ಳುವ ಪ್ರೋಗ್ರಾಂಗೆ ಎಕ್ಸ್ ಸರ್ವರ್ ಅಂತ ಹೆಸರು. ಇಂಥ ಎಕ್ಸ್ ಸರ್ವರ್‌ಗಳನ್ನು ಒಂದೇ ಕಂಪ್ಯೂಟರಿನಲ್ಲಿ ಎಷ್ಟು ಬೇಕಾದರೂ ಓಡಿಸಬಹುದು. ಹಾಗಾಗಿ ಅವರು ಎಕ್ಸ್‌ವಿಎನ್‌ಸಿ ಅಂತ ಒಂದು ಹೊಸ ಎಕ್ಸ್ ಸರ್ವರನ್ನೇ ಬರೆದರು. ಅದು ಚಿತ್ರವನ್ನು ಮಾನಿಟರಿಗೆ ಕಳಿಸುವ ಬದಲು ನೆಟ್‌ವರ್ಕಿಗೆ ಕಳಿಸುತ್ತದೆ. ಹೆಸರು ಒಂದೇ, ಕೆಲಸ ಎರಡು. ಇವತ್ತಿಗೂ ವಿಎನ್‌ಸಿ ಸರ್ವರ್ ಅಂತ ಹುಡುಕಿ ಸಿಕ್ಕಿದ ಪ್ಯಾಕೇಜ್ ಹಾಕಿದರೆ ಮೊದಲನೆಯದು ಬಂದಿದೆಯೋ ಎರಡನೆಯದು ಬಂದಿದೆಯೋ ಅಂತ ಓದಿಯೇ ತಿಳಿಯಬೇಕು.

ಒಂದು ಗುರುತು ಹೇಳುತ್ತೇನೆ. ವಿಎನ್‌ಸಿಯ ಪೋರ್ಟ್ ನಂಬರ್, ಅಂದರೆ ನೆಟ್‌ವರ್ಕಿನಿಂದ ಒಳಬರುವ ಬಾಗಿಲಿನ ನಂಬರ್, 5900ರಿಂದ ಶುರುವಾಗುತ್ತದೆ. ಅದಕ್ಕೆ ಡಿಸ್ಪ್ಲೇ ನಂಬರ್, ಅಂದರೆ ಎಕ್ಸ್‌ನಲ್ಲಿ ಆ ಸ್ಕ್ರೀನಿಗೆ ಇರುವ ನಂಬರ್, ಕೂಡಿಸುತ್ತಾರೆ. ಮಾನಿಟರಿನ ಸ್ಕ್ರೀನ್ ಸಾಮಾನ್ಯವಾಗಿ ಕೋಲನ್ ಸೊನ್ನೆ, ಹೊಸದಾಗಿ ಹುಟ್ಟಿದ್ದು ಕೋಲನ್ ಒಂದು. ನೀವು 5901ಕ್ಕೆ ಕನೆಕ್ಟ್ ಆಗಿ ಖಾಲಿ ಡೆಸ್ಕ್‌ಟಾಪ್ ನೋಡುತ್ತಿದ್ದರೆ, ಅದು ಹೊಸ ಸ್ಕ್ರೀನ್ ಅಂತ ತಕ್ಷಣ ಅನುಮಾನ ಪಡಿ.

ಇರುವ ಸ್ಕ್ರೀನ್ ತೋರಿಸಲು ಲಿನಕ್ಸ್‌ನಲ್ಲಿ ಹಲವು ಸಾಧನಗಳಿವೆ. ಟೈಗರ್‌ವಿಎನ್‌ಸಿಯವರದು ಎಕ್ಸ್0ವಿಎನ್‌ಸಿಸರ್ವರ್. ಕೆಡಿಇ ಡೆಸ್ಕ್‌ಟಾಪಿನವರದು ಕೆಆರ್‌ಎಫ್‌ಬಿ. ನಾನು ಇವತ್ತು ತೋರಿಸುವುದು ಎಕ್ಸ್11ವಿಎನ್‌ಸಿ. ಇದನ್ನು ಬರೆದವರು ಕಾರ್ಲ್ ರುಂಗೆ. ಈಗ ಸ್ವಯಂಸೇವಕರ ಗುಂಪೊಂದು ನೋಡಿಕೊಳ್ಳುತ್ತಿದೆ. ಹಳೆಯ ಸಾಧನ ನಿಜ. ಆದರೆ ಹಳೆ ಲ್ಯಾಬ್‌ಗಳಿಗೆ ಇದರಷ್ಟು ಹೊಂದುವುದು ಬೇರೆ ಇಲ್ಲ, ಮತ್ತೆ ಒಳಗೆ ಏನಾಗುತ್ತಿದೆ ಅಂತ ಇದು ಬಾಯಿಬಿಟ್ಟು ಹೇಳುತ್ತದೆ. ಕಲಿಯುವವರಿಗೆ ಅದು ದೊಡ್ಡ ಉಪಕಾರ.

ಮೊದಲು, ಇರುವ ಸ್ಕ್ರೀನ್ ಯಾವುದು ಅಂತ ಪತ್ತೆ ಮಾಡಿ. ದೂರದಿಂದ ಗುಪ್ತವಾಗಿ ಕಮಾಂಡ್ ಕೊಡಲು ಬರುವ ಎಸ್‌ಎಸ್‌ಎಚ್‌ನಲ್ಲಿ ಆ ಕಂಪ್ಯೂಟರ್ ಒಳಗೆ ಹೋಗಿ, ಟೆಂಪ್ ಫೋಲ್ಡರಿನಲ್ಲಿ ಚುಕ್ಕಿಯಿಂದ ಶುರುವಾಗುವ ಎಕ್ಸ್11-ಯೂನಿಕ್ಸ್ ಎಂಬ ಫೋಲ್ಡರ್ ನೋಡಿ. ಅಲ್ಲಿ ಎಕ್ಸ್0 ಅಂತ ಒಂದು ಫೈಲ್ ಇದ್ದರೆ ಕೋಲನ್ ಸೊನ್ನೆ ಡಿಸ್ಪ್ಲೇ ಇದೆ ಅಂತ. ಎಕ್ಸ್0, ಎಕ್ಸ್1 ಎರಡೂ ಇರಬಹುದು. ಗ್ನೋಮ್ ಡೆಸ್ಕ್‌ಟಾಪಿನ ಲಾಗಿನ್ ಮ್ಯಾನೇಜರ್ ಆದ ಜಿಡಿಎಂ ಇರುವ ಕಡೆ ಲಾಗಿನ್ ಸ್ಕ್ರೀನ್ ಒಂದು, ಲಾಗಿನ್ ಆದವರ ಸ್ಕ್ರೀನ್ ಇನ್ನೊಂದು ಆಗುವುದುಂಟು. "ಕೋಲನ್ ಸೊನ್ನೆ ಅಂತ ಹಾಕಿದೆ, ಬರೀ ಲಾಗಿನ್ ಪರದೆ ಕಾಣ್ತಿದೆ" ಅನ್ನುವ ದೂರಿನ ಹಿಂದೆ ಎಷ್ಟೋ ಸಲ ಇರುವುದು ಇಷ್ಟೇ.

ಇನ್ನು ಬೀಗದ ಕೈ. ಇದೇ ಇವತ್ತಿನ ಮುಖ್ಯ ಭಾಗ, ಸ್ವಲ್ಪ ನಿಧಾನವಾಗಿ ಹೋಗೋಣ.

ಎಕ್ಸ್ ಹುಟ್ಟಿದ್ದು 1984ರಲ್ಲಿ, ಅಮೆರಿಕದ ಎಂಐಟಿಯಲ್ಲಿ. ಈಗ ಬಳಸುವ ಹನ್ನೊಂದನೇ ಆವೃತ್ತಿ 1987ರದ್ದು. ಇದರಲ್ಲಿ ಒಂದು ಡಿಸ್ಪ್ಲೇಗೆ ಯಾರು ಸೇರಬಹುದು ಅನ್ನುವುದನ್ನು ಮ್ಯಾಜಿಕ್ ಕುಕಿ ಎಂಬ ಒಂದು ಗುಟ್ಟಿನ ಸಂಖ್ಯೆ ತೀರ್ಮಾನಿಸುತ್ತದೆ. ಉದ್ದ 128 ಬಿಟ್. ಬರೆದರೆ 32 ಹೆಕ್ಸ್ ಅಂಕಿ. ಲಾಗಿನ್ ಆದಾಗ ಆ ಕುಕಿ ಒಂದು ಎಕ್ಸ್‌ಅಥಾರಿಟಿ ಫೈಲಿಗೆ ಬೀಳುತ್ತದೆ. ಅದನ್ನು ತೋರಿಸಿದ ಪ್ರೋಗ್ರಾಂಗೆ ಎಕ್ಸ್ ಎಲ್ಲವನ್ನೂ ಬಿಟ್ಟುಕೊಡುತ್ತದೆ. ಎಲ್ಲ ಕಿಟಕಿಗಳ ಚಿತ್ರ ಓದಬಹುದು, ಒತ್ತಿದ ಕೀಗಳನ್ನು ಕದ್ದು ಕೇಳಬಹುದು, ಒತ್ತದ ಕೀಗಳನ್ನು ಒತ್ತಿದ ಹಾಗೆ ಮಾಡಬಹುದು. ಸ್ಕ್ರೀನ್ ಹಂಚಿಕೆ ಸಾಧ್ಯವಾಗುವುದೇ ಈ ಧಾರಾಳತನದಿಂದ.

ಈಗ ಮಾಡಿ ನೋಡೋಣ. ಎಕ್ಸ್11ವಿಎನ್‌ಸಿ, ಜಾಗ ಬಿಟ್ಟು ಹೈಫನ್ ಡಿಸ್ಪ್ಲೇ, ಜಾಗ ಬಿಟ್ಟು ಕೋಲನ್ ಸೊನ್ನೆ. ಎಂಟರ್. ಲೈಟ್‌ಡಿಎಂ ಎಂಬ ಇನ್ನೊಂದು ಲಾಗಿನ್ ಮ್ಯಾನೇಜರ್ ಇರುವ ಹಳೆಯ ಸೆಟಪ್‌ನಲ್ಲಿ, ಲಾಗಿನ್ ಆಗಿರುವವರ ಹೆಸರಿನಲ್ಲೇ ನೀವು ಎಸ್‌ಎಸ್‌ಎಚ್ ಮಾಡಿದ್ದರೆ, ಇದು ಹಾಗೇ ಓಡುತ್ತದೆ, ಯಾಕೆಂದರೆ ಕುಕಿ ಅವರ ಹೋಮ್ ಫೋಲ್ಡರಿನಲ್ಲೇ ಇರುತ್ತದೆ. ಜಿಡಿಎಂ ಇದ್ದರೆ ಡಿಸ್ಪ್ಲೇ ತೆರೆಯಲಾಗಲಿಲ್ಲ ಅಂತ ಬೈದು ನಿಲ್ಲುತ್ತದೆ. ಜಿಡಿಎಂ ಕುಕಿಯನ್ನು ಹೋಮ್ ಫೋಲ್ಡರಿನಲ್ಲಿ ಇಡುವುದಿಲ್ಲ. ರನ್, ಯೂಸರ್, ಆಮೇಲೆ ಬಳಕೆದಾರರ ನಂಬರ್, ಸಾಮಾನ್ಯವಾಗಿ 1000, ಅದರೊಳಗೆ ಜಿಡಿಎಂ ಫೋಲ್ಡರಿನಲ್ಲಿ ಇಡುತ್ತದೆ. ಆ ದಾರಿಯನ್ನು ಹೈಫನ್ ಆಥ್ ಆಯ್ಕೆಯಲ್ಲಿ ಕೊಟ್ಟರೆ ಕೆಲಸ ಆಯಿತು. ಹುಡುಕುವುದಕ್ಕೆ ಬೇಜಾರಾದರೆ ಹೈಫನ್ ಆಥ್ ಗೆಸ್ ಅನ್ನಿ, ಅದೇ ಊಹಿಸಿ ಹುಡುಕುತ್ತದೆ. ಲಾಗಿನ್ ಸ್ಕ್ರೀನ್ ಕಾಣಬೇಕು ಅಂದರೆ ರೂಟ್ ಆಗಿ, ಅಂದರೆ ಎಲ್ಲ ಅಧಿಕಾರ ಇರುವ ಬಳಕೆದಾರರಾಗಿ, ಓಡಿಸಬೇಕು. ಆ ಹೊತ್ತಿಗೆ ಇನ್ನೂ ಯಾರೂ ಲಾಗಿನ್ ಆಗಿರುವುದಿಲ್ಲ, ಕುಕಿ ಲಾಗಿನ್ ಮ್ಯಾನೇಜರ್ ಕೈಯಲ್ಲೇ ಇರುತ್ತದೆ. ಲೈಟ್‌ಡಿಎಂ ಅದನ್ನು ರೂಟ್‌ಗೆ ಮಾತ್ರ ಓದಲು ಬರುವ ಜಾಗದಲ್ಲಿ ಇಡುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಕುಕಿ ಸಿಗದಿದ್ದಾಗ ಇಂಟರ್‌ನೆಟ್‌ನಲ್ಲಿ ಹುಡುಕಿದರೆ, ಎಕ್ಸ್‌ಹೋಸ್ಟ್ ಪ್ಲಸ್ ಅಂತ ಹೊಡೆಯಿರಿ ಅನ್ನುವ ಸಲಹೆ ಸಿಗುತ್ತದೆ. ಹೊಡೆದರೆ ಕೆಲಸವೂ ಆಗುತ್ತದೆ. ಆದರೆ ಅದು ಬೀಗವನ್ನೇ ಕಿತ್ತು ಹಾಕಿದ ಹಾಗೆ. ಆ ಡಿಸ್ಪ್ಲೇ ತಲುಪಬಲ್ಲ ಯಾರು ಬೇಕಾದರೂ ಕುಕಿ ಇಲ್ಲದೆ ಒಳಗೆ ಬರಬಹುದು. ದಯವಿಟ್ಟು ಬೇಡ.

ಕುಕಿ ಸರಿಯಾದರೆ ಟರ್ಮಿನಲ್ ತುಂಬ ಸಾಲುಗಳು ಉದುರುತ್ತವೆ. ಸುಮ್ನೆ ಮೇಲಕ್ಕೆ ಸ್ಕ್ರೋಲ್ ಮಾಡಿ ಬಿಟ್ಟುಬಿಡಬೇಡಿ. ಹ್ಯಾಷ್ ಗುರುತುಗಳಿಂದ ಕಟ್ಟಿದ ದೊಡ್ಡ ಚೌಕ ಕಂಡರೆ ಪಾಸ್‌ವರ್ಡ್ ಇಲ್ಲದೆ ಓಡಿಸುತ್ತಿದ್ದೀರಿ ಅಂತ ಅದು ಕಿರುಚುತ್ತಿದೆ. ಎನ್‌ಕ್ಯಾಶ್ ಅನ್ನುವ ಆಯ್ಕೆ ಬಳಸಿ ನೋಡಿದ್ದೀರಾ ಅಂತಲೂ ಕೇಳುತ್ತದೆ. ಆಸೆಗೆ ಬಿದ್ದು ಹಾಕಿದರೆ ವ್ಯೂವರ್‌ನಲ್ಲಿ ನಿಜವಾದ ಸ್ಕ್ರೀನಿನ ಕೆಳಗೆ ಇನ್ನೂ ಹಲವು ಸ್ಕ್ರೀನಿನಷ್ಟು ಉದ್ದಕ್ಕೆ ಹಳೆಯ ಕಿಟಕಿಗಳ ತುಣುಕುಗಳು ಕಾಣುತ್ತವೆ. ಅದು ಕ್ಯಾಶ್, ಅಂದರೆ ಮತ್ತೆ ಬಳಸಲು ಚಿತ್ರಗಳನ್ನು ಇಟ್ಟುಕೊಳ್ಳುವ ಜಾಗ, ಕೆಟ್ಟಿದ್ದಲ್ಲ. ಆದರೆ ಫೋನಿನಲ್ಲಿ ಇದನ್ನು ಒಬ್ಬ ಮೇಷ್ಟ್ರಿಗೆ ವಿವರಿಸಿ ನೋಡಿ, ಗೊತ್ತಾಗುತ್ತದೆ ಯಾಕೆ ಬೇಡ ಅಂತೀನಿ ಅಂತ. ಕೊನೆಯಲ್ಲಿ ಪೋರ್ಟ್ ಈಕ್ವಲ್ಸ್ 5900 ಅನ್ನುವ ಸಾಲು ಬಂದರೆ ಸರ್ವರ್ ಕಾಯುತ್ತಾ ಕೂತಿದೆ ಅಂತ.

ಪಾಸ್‌ವರ್ಡ್‌ಗೆ ಹೈಫನ್ ಸ್ಟೋರ್‌ಪಾಸ್‌ಡಬ್ಲ್ಯೂಡಿ. ಎರಡು ಸಲ ಕೇಳಿ ಹೋಮ್ ಫೋಲ್ಡರಿನ ವಿಎನ್‌ಸಿ ಫೋಲ್ಡರಿನಲ್ಲಿ ಬರೆದಿಡುತ್ತದೆ. ಆಮೇಲೆ ಓಡಿಸುವಾಗ ಹೈಫನ್ ಆರ್‌ಎಫ್‌ಬಿಆಥ್ ಅಂತ ಆ ಫೈಲನ್ನು ತೋರಿಸಬೇಕು. ನೀವು ಎಷ್ಟೇ ಉದ್ದದ ಪಾಸ್‌ವರ್ಡ್ ಕೊಟ್ಟರೂ ಲೆಕ್ಕಕ್ಕೆ ಬರುವುದು ಮೊದಲ ಎಂಟು ಅಕ್ಷರ ಮಾತ್ರ. ಡಿಇಎಸ್ ಎಂಬ ಹಳೆಯ ಗುಪ್ತಲಿಪಿ ಲೆಕ್ಕಾಚಾರದ ಮಿತಿ ಅದು. ಫೈಲಿನಲ್ಲಿ ಅದನ್ನು ಮುಚ್ಚಿಡುವುದಕ್ಕೆ ಬಳಸುವ ಕೀ ಕೂಡ ಎಲ್ಲ ಕಡೆ ಒಂದೇ, ಎಲ್ಲರಿಗೂ ಗೊತ್ತಿರುವುದೇ. ಅಂದರೆ ಫೈಲ್ ಕೈಗೆ ಸಿಕ್ಕರೆ ಪಾಸ್‌ವರ್ಡ್ ಸಿಕ್ಕ ಹಾಗೆ. ಪಾಸ್‌ವರ್ಡ್ ದಾಟಿದ ಮೇಲೆ ಚಿತ್ರ, ಕೀ ಎಲ್ಲವೂ ಗುಪ್ತವಾಗದೆ ತಂತಿಯ ಮೇಲೆ ಹೋಗುತ್ತವೆ.

ಹಾಗಾಗಿ ವಿಎನ್‌ಸಿ ಪಾಸ್‌ವರ್ಡನ್ನು ನಂಬಿ ಕೂರಬೇಡಿ. ಹೈಫನ್ ಲೋಕಲ್‌ಹೋಸ್ಟ್ ಹಾಕಿ. ಆಗ ಸರ್ವರ್ ಆ ಕಂಪ್ಯೂಟರ್ ಒಳಗಿನಿಂದ ಬಂದ ಕರೆಗೆ ಮಾತ್ರ ಓಗೊಡುತ್ತದೆ. ಹೊರಗಿನಿಂದ ಬರುವ ನಾವು ಎಸ್‌ಎಸ್‌ಎಚ್ ಸುರಂಗ ಕೊರೆದು ಬರಬೇಕು. ನಮ್ಮ ಕಡೆ ಎಸ್‌ಎಸ್‌ಎಚ್ ಹೈಫನ್ ದೊಡ್ಡ ಎಲ್, 5900 ಕೋಲನ್ ಲೋಕಲ್‌ಹೋಸ್ಟ್ ಕೋಲನ್ 5900, ಆಮೇಲೆ ಯೂಸರ್ ಹೆಸರು, ಆಟ್, ಕಂಪ್ಯೂಟರ್ ಹೆಸರು. ನಂತರ ವ್ಯೂವರ್‌ನಲ್ಲಿ ಲೋಕಲ್‌ಹೋಸ್ಟ್‌ಗೇ ಕನೆಕ್ಟ್ ಮಾಡಿ. ಇದೇ ಸಾಲಿನ ಕೊನೆಗೆ ಎಕ್ಸ್11ವಿಎನ್‌ಸಿ ಕಮಾಂಡನ್ನೂ ಸೇರಿಸಿಬಿಡಬಹುದು. ಸುರಂಗ ತೆರೆದಾಗ ಸರ್ವರ್ ಎದ್ದೇಳುತ್ತದೆ, ನೀವು ಹೊರಬಂದಾಗ ತಾನೇ ಮಲಗುತ್ತದೆ. ನನಗಂತೂ ಇದೇ ಇಷ್ಟ. ಬೇಕಾದಾಗ ಮಾತ್ರ ತೆರೆದಿರುವ ಬಾಗಿಲು ಯಾವಾಗಲೂ ತೆರೆದಿರುವುದಕ್ಕಿಂತ ಒಳ್ಳೆಯದು ಅಲ್ವಾ? 5900 ಪೋರ್ಟನ್ನು ರೂಟರಿನಲ್ಲಿ ನೇರ ಇಂಟರ್‌ನೆಟ್‌ಗೆ ಬಿಡುವ ಯೋಚನೆ ಇದ್ದವರು ಊಟಕ್ಕೆ ಮುಂಚೆ ನನ್ನ ಹತ್ತಿರ ಬಂದು ಮಾತಾಡಿ.

ತಾನೇ ಮಲಗುತ್ತದೆ ಅಂದೆನಲ್ಲ, ಅದೂ ಒಂದು ಗೊಂದಲದ ಮೂಲ. ಎಕ್ಸ್11ವಿಎನ್‌ಸಿ ಸಹಜವಾಗಿ ಒಬ್ಬರು ಬಂದು ಹೋದ ಕೂಡಲೇ ಮುಗಿದುಹೋಗುತ್ತದೆ. "ಬೆಳಿಗ್ಗೆ ಬರ್ತಿತ್ತು, ಈಗ ಬರ್ತಿಲ್ಲ ಸರ್" ಅನ್ನುವುದಕ್ಕೆ ಕಾರಣ ಇದೇ. ಕಾಯುತ್ತಲೇ ಇರಬೇಕಾದರೆ ಫಾರೆವರ್ ಆಯ್ಕೆ ಹಾಕಿ. ಒಂದೇ ಹೊತ್ತಿಗೆ ಒಬ್ಬರಿಗಿಂತ ಜಾಸ್ತಿ ಜನ ನೋಡಬೇಕಾದರೆ ಶೇರ್ಡ್ ಆಯ್ಕೆ. ಕಂಪ್ಯೂಟರ್ ಆನ್ ಆದಾಗಲೇ ಏಳಬೇಕಾದರೆ ಲಿನಕ್ಸ್‌ನಲ್ಲಿ ಸರ್ವಿಸ್‌ಗಳನ್ನು ಎಬ್ಬಿಸುವ ಸಿಸ್ಟಮ್‌ಡಿಯಲ್ಲಿ ಒಂದು ಸರ್ವಿಸ್ ಫೈಲ್ ಬರೆಯಿರಿ. ಡಿಸ್ಪ್ಲೇ ಮ್ಯಾನೇಜರ್, ಅಂದರೆ ಅದೇ ಲಾಗಿನ್ ಮ್ಯಾನೇಜರ್, ಎದ್ದ ಮೇಲೆ ಇದು ಏಳಲಿ ಅಂತ ಹೇಳಿ, ಬಿದ್ದರೆ ಮತ್ತೆ ಎಬ್ಬಿಸು ಅಂತಲೂ ಹೇಳಿ. ಈ ಎರಡನೆಯದು ಬೇಕೇ ಬೇಕು. ಲಾಗೌಟ್ ಆದಾಗ ಎಕ್ಸ್ ಸರ್ವರ್ ಮುಚ್ಚಿಕೊಂಡರೆ ನಮ್ಮ ನೆಂಟ ಬೀದಿಗೆ ಬೀಳುತ್ತಾನೆ. ಯಜಮಾನನಾಗಿದ್ದ ಎಕ್ಸ್‌ವಿಎನ್‌ಸಿಗೆ ಈ ಪಾಡಿಲ್ಲ.

ನೆಂಟನ ಇನ್ನೊಂದು ಕಷ್ಟ ನೋಡಿ. ಸ್ಕ್ರೀನಿನಲ್ಲಿ ಏನು ಬದಲಾಯಿತು ಅಂತ ಅದಕ್ಕೆ ತಾನಾಗಿ ಗೊತ್ತಾಗುವುದಿಲ್ಲ. ಎಕ್ಸ್‌ವಿಎನ್‌ಸಿ ಚಿತ್ರವನ್ನು ತಾನೇ ಬಿಡಿಸುವುದರಿಂದ ಎಲ್ಲಿ ಬಿಡಿಸಿದೆ ಅಂತ ಅದಕ್ಕೆ ಗೊತ್ತು. ಎಕ್ಸ್11ವಿಎನ್‌ಸಿ ಬೇರೆಯವರು ಬಿಡಿಸಿದ್ದನ್ನು ನೋಡಬೇಕು. 1920ಕ್ಕೆ 1080ರ ಒಂದು ಸ್ಕ್ರೀನಿನಲ್ಲಿ ಸುಮಾರು 20 ಲಕ್ಷ ಚುಕ್ಕೆ, ಒಂದೊಂದಕ್ಕೆ ನಾಲ್ಕು ಬೈಟ್, ಒಟ್ಟು 80 ಲಕ್ಷ ಬೈಟ್‌ಗಿಂತ ಜಾಸ್ತಿ. ಸೆಕೆಂಡಿಗೆ ಮೂವತ್ತು ಸಲ ಇಷ್ಟನ್ನೂ ಓದಿ ಹೋಲಿಸುತ್ತಾ ಕೂತರೆ ಹಳೆ ಕಂಪ್ಯೂಟರ್ ಏದುಸಿರು ಬಿಡುತ್ತದೆ. ಅದರಲ್ಲೂ ವಿಡಿಯೋ ಕಾರ್ಡ್‌ಗಳು ಬರೆಯುವುದರಲ್ಲಿ ಚುರುಕು, ವಾಪಸ್ ಓದಿ ಕೊಡುವುದರಲ್ಲಿ ನಿಧಾನ.

ಕಾರ್ಲ್ ರುಂಗೆ ಇದಕ್ಕೆ ಮಾಡಿದ ಉಪಾಯ ನನಗೆ ತುಂಬಾ ಇಷ್ಟ. ಸ್ಕ್ರೀನನ್ನು 32ಕ್ಕೆ 32 ಚುಕ್ಕೆಗಳ ಬಿಲ್ಲೆಗಳಾಗಿ ಭಾಗ ಮಾಡಿದರು. ಒಂದು ಸುತ್ತಿನಲ್ಲಿ ಪ್ರತಿ 32 ಗೆರೆಗೆ ಒಂದೇ ಗೆರೆ ಓದುವುದು. ಮೊದಲ ಸುತ್ತಿನಲ್ಲಿ ಸೊನ್ನೆಯ ಗೆರೆ, ಮುಂದಿನ ಸುತ್ತಿನಲ್ಲಿ 16ರದ್ದು, ಆಮೇಲೆ 8, ಆಮೇಲೆ 24. ಹೀಗೆ ಹಾರಿ ಹಾರಿ ನೋಡುವಾಗ ಯಾವ ಬಿಲ್ಲೆಯಲ್ಲಿ ಬದಲಾವಣೆ ಕಂಡಿತೋ ಆ ಬಿಲ್ಲೆಯನ್ನು ಮಾತ್ರ ಪೂರ್ತಿ ಓದುವುದು. ಒಂದು ಸುತ್ತಿಗೆ ಸ್ಕ್ರೀನಿನ ಮೂವತ್ತೆರಡನೇ ಒಂದು ಭಾಗ ಓದಿದರೆ ಸಾಕು. ಕಿಟಕಿಯಂಥ ದೊಡ್ಡ ಬದಲಾವಣೆ ಮೊದಲ ಒಂದೆರಡು ಸುತ್ತಿನಲ್ಲೇ ಸಿಕ್ಕಿಬೀಳುತ್ತದೆ. ಆಮೇಲೆ ಎಕ್ಸ್‌ಡ್ಯಾಮೇಜ್ ಎಂಬ ಸೌಲಭ್ಯ ಬಂತು. ಇಲ್ಲಿ ಬದಲಾಗಿದೆ ನೋಡು ಅಂತ ಎಕ್ಸ್ ಸರ್ವರೇ ಸುಳಿವು ಕೊಡುತ್ತದೆ. ಕೆಲಸ ಹಗುರಾಯಿತು. ಆದರೆ ಮಿನುಗು ಅಲಂಕಾರ ಮಾಡುವ ಕೆಲವು ವಿಂಡೋ ಮ್ಯಾನೇಜರ್‌ಗಳು ಇದ್ದಾಗ ಆ ಸುಳಿವು ಸರಿಯಾಗಿ ಬರುವುದಿಲ್ಲ. ನಿಮ್ಮ ವ್ಯೂವರ್‌ನಲ್ಲಿ ಮೌಸ್ ಆಡುತ್ತದೆ, ಕ್ಲಿಕ್ಕೂ ಆಗುತ್ತದೆ, ಚಿತ್ರ ಮಾತ್ರ ಹೆಪ್ಪುಗಟ್ಟಿದ ಹಾಗೆ ನಿಂತಿದೆ ಅಂದರೆ ನೋಎಕ್ಸ್‌ಡ್ಯಾಮೇಜ್ ಆಯ್ಕೆ ಹಾಕಿ ನೋಡಿ. ಸುಳಿವು ಬಿಟ್ಟು ಹಳೆಯ ಹಾಗೆ ಗೆರೆ ಗೆರೆ ನೋಡಲು ಶುರು ಮಾಡುತ್ತದೆ.

ಮಾನಿಟರೇ ಇಲ್ಲದ ಕಂಪ್ಯೂಟರ್ ಬಗ್ಗೆ ಒಂದು ಮಾತು. ಇರುವ ಸ್ಕ್ರೀನ್ ತೋರಿಸಲು ಸ್ಕ್ರೀನ್ ಇರಬೇಕಲ್ಲ. ಮಾನಿಟರ್ ಕಿತ್ತರೆ ರೆಸಲ್ಯೂಷನ್ ಚಿಕ್ಕದಾಗಬಹುದು, ಅಥವಾ ಎಕ್ಸ್ ಏಳದೇ ಹೋಗಬಹುದು. ಎಚ್‌ಡಿಎಂಐ ಡಮ್ಮಿ ಪ್ಲಗ್ ಅಂತ ಹೆಬ್ಬೆರಳಿನಷ್ಟು ದೊಡ್ಡ ವಸ್ತು ಸಿಗುತ್ತದೆ. ಚುಚ್ಚಿದರೆ ಮಾನಿಟರ್ ಇದೆ ಅಂತ ಕಂಪ್ಯೂಟರ್ ನಂಬುತ್ತದೆ. ಅಂಥ ಕಡೆ ಯಾರೂ ಎದುರು ಕೂತಿರುವುದಿಲ್ಲವಾದರೆ ಹೊಸ ಸ್ಕ್ರೀನ್ ಹುಟ್ಟಿಸುವುದೇ ಎಷ್ಟೋ ಸಲ ಸರಿ.

ಈಗ ವೇಲ್ಯಾಂಡ್, ಎಕ್ಸ್‌ನ ಜಾಗಕ್ಕೆ ಬಂದಿರುವ ಹೊಸ ವ್ಯವಸ್ಥೆ. ಇದುವರೆಗೆ ಹೇಳಿದ್ದೆಲ್ಲ ಎಕ್ಸ್‌ನ ಕಥೆ. ಫೆಡೋರಾ 2016ರಲ್ಲೇ ವೇಲ್ಯಾಂಡ್ ಕಡೆಗೆ ಹೋಯಿತು, ಉಬುಂಟು 21.04ರಿಂದ ಅದನ್ನೇ ಮುಂದಿಟ್ಟಿತು, ರಾಸ್ಪ್‌ಬೆರಿ ಪೈನವರು 2023ರಲ್ಲಿ. ವೇಲ್ಯಾಂಡ್‌ನಲ್ಲಿ ಕುಕಿ ತೋರಿಸಿ ಎಲ್ಲರ ಕಿಟಕಿ ಓದುವ ಆಟ ಇಲ್ಲ. ಒಂದು ಪ್ರೋಗ್ರಾಂ ಇನ್ನೊಂದರ ಚಿತ್ರ ನೋಡುವಂತೆಯೇ ಇಲ್ಲ. ಚಿತ್ರ ಬೇಕಾದರೆ ಡೆಸ್ಕ್‌ಟಾಪನ್ನೇ ಕೇಳಬೇಕು, ಅದು ಎದುರು ಕೂತವರನ್ನು ಕೇಳುತ್ತದೆ. ಇಲ್ಲಿ ಎಕ್ಸ್11ವಿಎನ್‌ಸಿ ಓಡಿಸಿದರೆ ಹೊಸ ಆವೃತ್ತಿಯಾದರೆ ವೇಲ್ಯಾಂಡ್ ಇದೆ ಅಂತ ಹೇಳಿ ನಿಲ್ಲುತ್ತದೆ. ಹಳೆಯದಾದರೆ ಹಳೆ ಪ್ರೋಗ್ರಾಂಗಳಿಗಾಗಿ ಇಟ್ಟಿರುವ ಎಕ್ಸ್‌ವೇಲ್ಯಾಂಡ್‌ಗೆ ಅಂಟಿಕೊಂಡು ಕಪ್ಪು ಸ್ಕ್ರೀನ್ ತೋರಿಸುತ್ತದೆ. ಕಪ್ಪು ಸ್ಕ್ರೀನ್ ಬಂದರೆ ಮೊದಲು ಎಕ್ಸ್‌ಡಿಜಿ ಸೆಷನ್ ಟೈಪ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ ಎಕ್ಸ್11 ಅಂತ ಇದೆಯೋ ವೇಲ್ಯಾಂಡ್ ಅಂತ ಇದೆಯೋ ನೋಡಿ.

ಗ್ನೋಮ್ ಇದ್ದರೆ ಸೆಟ್ಟಿಂಗ್ಸ್‌ನಲ್ಲೇ ರಿಮೋಟ್ ಡೆಸ್ಕ್‌ಟಾಪ್ ಇದೆ. 2022ರ ಗ್ನೋಮ್ 42ರಿಂದ ಅದು ವಿಂಡೋಸ್ ರಿಮೋಟ್ ಡೆಸ್ಕ್‌ಟಾಪಿನ ಪ್ರೋಟೋಕಾಲ್ ಆದ ಆರ್‌ಡಿಪಿ ಬಳಸುತ್ತದೆ. 2024ರ ಗ್ನೋಮ್ 46ರಲ್ಲಿ ಅದನ್ನು ಎರಡು ಭಾಗ ಮಾಡಿದ್ದಾರೆ: ಡೆಸ್ಕ್‌ಟಾಪ್ ಶೇರಿಂಗ್ ಒಂದು, ರಿಮೋಟ್ ಲಾಗಿನ್ ಇನ್ನೊಂದು. ಮೊದಲನೆಯದು ಇರುವ ಸ್ಕ್ರೀನ್, ಎರಡನೆಯದು ಹೊಸದು. 1998ರಿಂದ ಇದ್ದ ಗೊಂದಲವನ್ನು ಕೊನೆಗೂ ಯಾರೋ ಎರಡು ಬೇರೆ ಬಟನ್‌ಗಳಾಗಿ ಬರೆದರು. ಒಂದು ತೊಡಕು ಮಾತ್ರ ನೆನಪಿಡಿ. ಶೇರಿಂಗ್‌ನ ಪಾಸ್‌ವರ್ಡ್ ಬಳಕೆದಾರರ ಕೀರಿಂಗ್‌ನಲ್ಲಿ, ಅಂದರೆ ಪಾಸ್‌ವರ್ಡ್‌ಗಳನ್ನು ಬೀಗ ಹಾಕಿ ಇಡುವ ಪೆಟ್ಟಿಗೆಯಲ್ಲಿ, ಇರುತ್ತದೆ. ಲ್ಯಾಬ್ ಕಂಪ್ಯೂಟರಿಗೆ ಆಟೋ ಲಾಗಿನ್ ಇಟ್ಟಿದ್ದರೆ ಯಾರೂ ಪಾಸ್‌ವರ್ಡ್ ಹೊಡೆಯದ ಕಾರಣ ಕೀರಿಂಗ್ ತೆರೆಯುವುದಿಲ್ಲ, ಶೇರಿಂಗ್ ಕೈಕೊಡುತ್ತದೆ.

ವಿಂಡೋಸ್ ಬಗ್ಗೆ ಚಿಕ್ಕದಾಗಿ. ಅಲ್ಲಿನ ರಿಮೋಟ್ ಡೆಸ್ಕ್‌ಟಾಪ್, ಪೋರ್ಟ್ 3389, ನಿಮ್ಮ ಸೆಷನ್ನನ್ನೇ ಕೊಡುತ್ತದೆ, ಆದರೆ ಎದುರಿನ ಮಾನಿಟರನ್ನು ಲಾಕ್ ಮಾಡಿ ಕೊಡುತ್ತದೆ. ಇಬ್ಬರೂ ಒಟ್ಟಿಗೆ ನೋಡುವ ಹಾಗಿಲ್ಲ. ಜೊತೆಗೆ ನೋಡಬೇಕಾದರೆ ಶ್ಯಾಡೋ ಅಂತ ಇದೆ. ಕ್ಯೂಯೂಸರ್ ಕಮಾಂಡಿನಿಂದ ಸೆಷನ್ ನಂಬರ್ ತಿಳಿದು, ಎಂಎಸ್‌ಟಿಎಸ್‌ಸಿಗೆ, ಅಂದರೆ ಅಲ್ಲಿನ ರಿಮೋಟ್ ಡೆಸ್ಕ್‌ಟಾಪ್ ಪ್ರೋಗ್ರಾಂಗೆ, ಸ್ಲ್ಯಾಷ್ ಶ್ಯಾಡೋ ಅಂತ ಆ ನಂಬರ್ ಕೊಡಬೇಕು. ಕೀಬೋರ್ಡ್ ಮೌಸ್ ಕೂಡ ಬೇಕಿದ್ದರೆ ಸ್ಲ್ಯಾಷ್ ಕಂಟ್ರೋಲ್ ಸೇರಿಸಿ. ಆಗ ಎದುರಿನವರಿಗೆ ಒಪ್ಪಿಗೆ ಕೇಳುವ ಕಿಟಕಿ ಬರುತ್ತದೆ.

ಒಪ್ಪಿಗೆ ಅಂದ ಕೂಡಲೇ ನೆನಪಾಯಿತು, ಎಕ್ಸ್11ವಿಎನ್‌ಸಿಯಲ್ಲೂ ಅದಿದೆ, ಯಾರೂ ಬಳಸುವುದಿಲ್ಲ. ಹೈಫನ್ ಆಕ್ಸೆಪ್ಟ್ ಪಾಪಪ್. ಹೊರಗಿನಿಂದ ಯಾರಾದರೂ ಬಂದರೆ ಮಾನಿಟರ್ ಮೇಲೆ ಸಣ್ಣ ಕಿಟಕಿ ಏಳುತ್ತದೆ. ವೈ ಒತ್ತಿದರೆ ಬನ್ನಿ, ಎನ್ ಒತ್ತಿದರೆ ಬೇಡ, ವಿ ಒತ್ತಿದರೆ ನೋಡಿ ಆದರೆ ಮುಟ್ಟಬೇಡಿ. ಎರಡು ನಿಮಿಷ ಯಾರೂ ಒತ್ತದಿದ್ದರೆ ಬೇಡ ಅಂತಲೇ ಲೆಕ್ಕ. ಹೊಸ ಸ್ಕ್ರೀನ್ ಕೊಡುವಾಗ ಇದು ಬೇಕಿಲ್ಲ. ಇರುವ ಸ್ಕ್ರೀನ್ ಅಂದರೆ ಅಲ್ಲೊಬ್ಬರು ಕೂತಿರುತ್ತಾರೆ. ಮೇಡಂ ಅಂಕಪಟ್ಟಿ ತೆರೆದಿರಬಹುದು, ತಮ್ಮ ಬ್ಯಾಂಕ್ ಪುಟ ತೆರೆದಿರಬಹುದು. ಕೇಳದೆ ಇಣುಕುವುದಕ್ಕೆ ಅಡ್ಮಿನ್ ಪಾಸ್‌ವರ್ಡ್ ಪರವಾನಗಿ ಅಲ್ಲ. ಇದರ ಉಲ್ಟಾ ಕೂಡ ಇದೆ. ನೀವು ಮನೆಯಿಂದ ಆ ಕಂಪ್ಯೂಟರಿನಲ್ಲಿ ಮೇಲ್ ತೆರೆದರೆ ಅಲ್ಲಿನ ಮಾನಿಟರ್‌ನಲ್ಲಿ ಎಲ್ಲರಿಗೂ ಕಾಣುತ್ತದೆ. ಮಾನಿಟರ್ ಆರಿಸಿಡಲು ಒಂದು ಆಯ್ಕೆ ಇದೆ, ಆದರೆ ಅದನ್ನು ಭದ್ರತೆ ಅಂತ ನಂಬಬೇಡಿ.

ಕೊನೆಗೆ ಕನ್ನಡ ಟೈಪಿಂಗ್. ಇದನ್ನು ಇಂಗ್ಲಿಷ್ ಕೈಪಿಡಿಗಳಲ್ಲಿ ಯಾರೂ ಬರೆಯುವುದಿಲ್ಲ.

ಓದುವುದಕ್ಕೆ ತೊಂದರೆ ಇಲ್ಲ. ಬರುವುದು ಬರೀ ಚಿತ್ರ, ಹಾಗಾಗಿ ನಿಮ್ಮ ಕಡೆ ಕನ್ನಡ ಫಾಂಟ್ ಇಲ್ಲದಿದ್ದರೂ ನಡೆಯುತ್ತದೆ. ಆದರೆ ನೆಟ್ ನಿಧಾನ ಅಂತ ಚಿತ್ರವನ್ನು ಹಗುರ ಮಾಡಿ ಕಳಿಸುವ ಟೈಟ್ ಎನ್‌ಕೋಡಿಂಗಿನಲ್ಲಿ ಜೆಪೆಗ್ ಗುಣಮಟ್ಟ ತೀರಾ ಇಳಿಸಿದರೆ, ಇಲ್ಲ ಸ್ಕೇಲ್ ಆಯ್ಕೆಯಿಂದ ಚಿತ್ರ ಕುಗ್ಗಿಸಿದರೆ, ಇಂಗ್ಲಿಷ್ ಅಕ್ಷರ ಹೇಗೋ ಓದಬಹುದು, ನಮ್ಮ ಒತ್ತಕ್ಷರಗಳು ಮಸಿಯಾಗುತ್ತವೆ. ಬಣ್ಣ ಕಡಿಮೆ ಮಾಡಿ, ಗುಣಮಟ್ಟ ಕಡಿಮೆ ಮಾಡಬೇಡಿ. ಝಡ್‌ಆರ್‌ಎಲ್‌ಇ ಎನ್‌ಕೋಡಿಂಗ್ ಅಂಚುಗಳನ್ನು ಹಾಗೇ ಉಳಿಸುತ್ತದೆ.

ಟೈಪ್ ಮಾಡುವಾಗ ನೋಡಿ. ವಿಎನ್‌ಸಿ ಕಳಿಸುವುದು ಯಾವ ಕೀ ಒತ್ತಿದಿರಿ ಅಂತ ಅಲ್ಲ, ಯಾವ ಅಕ್ಷರ ಬಂತು ಅಂತ. ನಿಮ್ಮ ಕಡೆ ಕನ್ನಡ ಲೇಔಟ್ ಇಟ್ಟು ಕ ಒತ್ತಿದರೆ ಹೆಕ್ಸ್‌ನಲ್ಲಿ 1000ಸಿ95 ಎಂಬ ಸಂಕೇತ ಹೋಗುತ್ತದೆ. ಆ ಕಡೆಯ ಕೀಬೋರ್ಡಿನಲ್ಲಿ ಕ ಇಲ್ಲದಿದ್ದರೆ ಎಕ್ಸ್11ವಿಎನ್‌ಸಿ ಬಳಸದ ಒಂದು ಕೀ ಹುಡುಕಿ, ಅದಕ್ಕೆ ಕ ಅಂತ ಹೆಸರಿಟ್ಟು, ಅದನ್ನು ಒತ್ತಿದ ಹಾಗೆ ಮಾಡುತ್ತದೆ. ಕ್ಷ ಅಂತ ಹೊಡೆದರೆ ಕ, ಹಲಂತ, ಷ ಅಂತ ಮೂರು ಸಲ ಈ ಸರ್ಕಸ್. ನೆಚ್ಚಿಕೊಳ್ಳುವಂಥದ್ದಲ್ಲ. ಸುಲಭದ ದಾರಿ ಅಂದರೆ ನಿಮ್ಮ ಕಡೆ ಇಂಗ್ಲಿಷ್ ಲೇಔಟ್ ಇಟ್ಟುಕೊಳ್ಳಿ, ಲಿನಕ್ಸ್‌ನ ಭಾಷಾ ಟೈಪಿಂಗ್ ಸಾಧನವಾದ ಐಬಸ್‌ನಲ್ಲಿ ಕನ್ನಡವನ್ನು ಆ ಕಡೆಯ ಕಂಪ್ಯೂಟರಿನಲ್ಲೇ ಆನ್ ಮಾಡಿ. ಹೋಗುವುದು ಇಂಗ್ಲಿಷ್ ಅಕ್ಷರ, ಕನ್ನಡ ಆಗುವುದು ಅಲ್ಲಿ.

ಕಾಪಿ ಪೇಸ್ಟ್ ಇನ್ನೊಂದು ತಲೆಬಿಸಿ. ವಿಎನ್‌ಸಿಯ ಆರ್‌ಎಫ್‌ಬಿ ಪ್ರೋಟೋಕಾಲನ್ನು 2011ರಲ್ಲಿ ಆರ್‌ಎಫ್‌ಸಿ 6143 ಅಂತ ದಾಖಲಿಸಿದಾಗಲೂ ಕ್ಲಿಪ್‌ಬೋರ್ಡಿಗೆ ಲ್ಯಾಟಿನ್-1, ಅಂದರೆ ಇಂಗ್ಲಿಷ್ ಮತ್ತು ಪಶ್ಚಿಮ ಯುರೋಪಿನ, ಅಕ್ಷರಗಳು ಮಾತ್ರ ಅಂತ ಬರೆದಿದ್ದರು. ಕನ್ನಡ ವಾಕ್ಯ ಕಾಪಿ ಮಾಡಿದರೆ ಆ ಕಡೆ ಪ್ರಶ್ನಾರ್ಥಕ ಚಿಹ್ನೆಗಳ ಸಾಲು. ಹೊಸ ಟೈಗರ್‌ವಿಎನ್‌ಸಿಯಂಥವು ಯೂನಿಕೋಡ್ ಕಳಿಸುವ ವಿಸ್ತರಣೆ ಸೇರಿಸಿಕೊಂಡಿವೆ, ಆದರೆ ಸರ್ವರ್, ವ್ಯೂವರ್ ಎರಡಕ್ಕೂ ಅದು ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ಫೈಲ್ ಮಾಡಿ ಎಸ್‌ಎಸ್‌ಎಚ್ ಮೂಲಕ ಕಳಿಸಿ, ಎಸ್‌ಎಸ್‌ಎಚ್ ಹೇಗೂ ತೆರೆದೇ ಇದೆಯಲ್ಲ.

ಮಾತಿನ ನಂತರ ಬಂದ ಪ್ರಶ್ನೆಗಳಲ್ಲಿ ಮೂರನ್ನು ಇಲ್ಲಿ ಸೇರಿಸುತ್ತೇನೆ.

"ಇಷ್ಟೆಲ್ಲ ಯಾಕೆ ಸರ್, ನಂಬರ್ ಹೇಳಿ ಕನೆಕ್ಟ್ ಆಗೋ ಆ್ಯಪ್‌ಗಳು ಇವೆಯಲ್ಲ?" ಇವೆ. ಅವು ಇರುವ ಸ್ಕ್ರೀನನ್ನೇ ತೋರಿಸುತ್ತವೆ, ರೂಟರ್ ತೊಂದರೆಯನ್ನೂ ತಾವೇ ನೋಡಿಕೊಳ್ಳುತ್ತವೆ. ಅವಸರಕ್ಕೆ ನಾನೂ ಬಳಸುತ್ತೇನೆ. ಆದರೆ ಮಧ್ಯದಲ್ಲಿ ಅವರ ಸರ್ವರ್ ಇರುತ್ತದೆ, ಅದು ನಮ್ಮ ಕೈಯಲ್ಲಿಲ್ಲ. ಅಂಥದ್ದೇ ಬೇಕು, ಸರ್ವರ್ ಮಾತ್ರ ನಮ್ಮದಿರಬೇಕು ಅಂದರೆ ರಸ್ಟ್‌ಡೆಸ್ಕ್ ನೋಡಿ. ಇನ್ನೊಂದು, ಬ್ಯಾಂಕಿನವರು ಅಂತ ಫೋನ್ ಮಾಡಿ ಇಂಥ ಆ್ಯಪ್ ಹಾಕಿಸಿ ದುಡ್ಡು ಹೊಡೆಯುವವರಿದ್ದಾರೆ. ಲ್ಯಾಬಿಗೆ ಬರುವವರಿಗೆ ಅದನ್ನೂ ಹೇಳಿಕೊಡಿ.

"ಫೋನಿನಿಂದ ನೋಡಬಹುದಾ?" ಆಗುತ್ತದೆ. ಆಂಡ್ರಾಯ್ಡ್‌ನಲ್ಲಿ ಎವಿಎನ್‌ಸಿ ಹಾಕಿಕೊಳ್ಳಿ. ಎಸ್‌ಎಸ್‌ಎಚ್ ಸುರಂಗವೂ ಅದರೊಳಗೇ ಇದೆ.

"ಮೇಷ್ಟ್ರ ಸ್ಕ್ರೀನನ್ನು ಮೂವತ್ತು ಮಕ್ಕಳಿಗೂ ಒಟ್ಟಿಗೆ ತೋರಿಸಬೇಕು, ಎಕ್ಸ್11ವಿಎನ್‌ಸಿಯಲ್ಲಿ ಆಗುತ್ತಾ?" ಶೇರ್ಡ್, ವ್ಯೂಓನ್ಲಿ ಎರಡೂ ಹಾಕಿದರೆ ಆಗುತ್ತದೆ. ಆದರೆ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಚಿತ್ರ ಕಳಿಸಬೇಕು, ಮೂವತ್ತು ಪಟ್ಟು ಕೆಲಸ. ಮೇಷ್ಟ್ರು ವಿಡಿಯೋ ಹಾಕಿದ ಕೂಡಲೇ ವೈಫೈ ಕುಸಿಯುತ್ತದೆ. ವಿಎನ್‌ಸಿಯಲ್ಲಿ ಸೌಂಡ್ ಕೂಡ ಬರುವುದಿಲ್ಲ. ತರಗತಿಗೆ ವೇಯಾನ್ ಹಾಕಿ. ಅದರ ಒಳಗಿರುವುದೂ ವಿಎನ್‌ಸಿಯೇ, ಮೇಲೆ ತರಗತಿ ನಡೆಸುವುದಕ್ಕೆ ಬೇಕಾದ ಬಟನ್‌ಗಳನ್ನು ಕಟ್ಟಿಕೊಟ್ಟಿದ್ದಾರೆ. ಅದರ ಪೋರ್ಟ್ 11100, ಫೈರ್‌ವಾಲಿನಲ್ಲಿ ಲ್ಯಾಬ್ ಒಳಗೆ ಮಾತ್ರ ತೆರೆಯಿರಿ. ಕಂಪ್ಯೂಟರ್‌ಗಳನ್ನು ವೈಫೈ ಬಿಟ್ಟು ಲ್ಯಾನ್ ಕೇಬಲ್‌ಗೆ ಹಾಕಿದ ಮೇಲೆ ಶುರು ಮಾಡಿ.